ಎಂಆರ್‌ಐ ಕೋಣೆಯಲ್ಲಿ ಸೂಜಿ ಹಿಡಿದು: ನನ್ನ ಅನುಭವ

ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಓದುವಾಗ ಅಕ್ಯುಪಂಕ್ಚರ್ ನಮ್ಮ ಪಠ್ಯದಲ್ಲೇ ಇತ್ತು. ಮುಂದೆ ಹಲವು ವರ್ಷ ಮಂಡಿನೋವು, ಸೊಂಟನೋವಿನ ರೋಗಿಗಳಿಗೆ ಸೂಜಿ ಹಾಕುತ್ತ ಬಂದ ನನಗೆ, ಚರ್ಮದ ಕೆಳಗೆ ಒಂದು ಅಂಗುಲ ಇಳಿದ ಸೂಜಿಯಿಂದ ಮಿದುಳಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಬಹುಕಾಲ ಕಾಡಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರ ವಿಕಿರಣ ವಿಭಾಗದ ಸ್ನೇಹಿತರು, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಕೆಲವೇ ಜನ ಆರೋಗ್ಯವಂತರ ಮೇಲೆ ಪ್ರಾಥಮಿಕ ಪ್ರಯತ್ನವೊಂದನ್ನು ಮಾಡೋಣವೆಂದಾಗ ಸೂಜಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಯಾವ ಬಿಂದುವಿಗೆ ಚುಚ್ಚಿದರೆ ಮಿದುಳಿನ ಯಾವ ಜಾಗ ಬೆಳಗುತ್ತದೆ ಎಂದು ನಕ್ಷೆ ಬರೆಯುವ ಆಸೆಯನ್ನು ನಾವು ಮೊದಲೇ ಕೈಬಿಟ್ಟೆವು. ಕಿರುಬೆರಳಿನ ಬದಿಯಲ್ಲಿರುವ, ಕಣ್ಣಿಗೆ ಸಂಬಂಧಿಸಿದ್ದೆಂದು ಸಾಂಪ್ರದಾಯಿಕವಾಗಿ ಹೇಳುವ ಕಾಲಿನ ಬಿಂದುವನ್ನು ಚುಚ್ಚಿದರೆ ದೃಷ್ಟಿಯ ಪ್ರದೇಶವೇ ಚುರುಕಾಗುತ್ತದೆ ಎಂದು 1998ರಲ್ಲಿ ಪ್ರಕಟವಾಗಿ ಹೆಸರಾದ ಪ್ರಬಂಧದ ತೀರ್ಮಾನಗಳನ್ನು, ಅದರ ಲೇಖಕರಲ್ಲಿ ಹಲವರೇ 2006ರಲ್ಲಿ ಹಿಂತೆಗೆದುಕೊಂಡರು. ನಮಗೆ ದಾರಿ ತೋರಿದ್ದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಥ್ಲೀನ್ ಹುಯಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ 13 ಜನರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಬಿಂದುವಿನಲ್ಲಿ ಸೂಜಿ ತಿರುಗಿಸಿದಾಗ, ಭಾರ, ಜೋಮುಗಳಂತಹ ಅಕ್ಯುಪಂಕ್ಚರಿನ ವಿಶಿಷ್ಟ ಅನುಭವ ಪಡೆದ 11 ಮಂದಿಯಲ್ಲಿ ಭಾವನೆ, ನೆನಪುಗಳಿಗೆ ಸಂಬಂಧಿಸಿದ ಅಮಿಗ್ಡಲ, ಹಿಪ್ಪೋಕ್ಯಾಂಪಸ್‌ನಂತಹ ಮಿದುಳಿನ ಒಳಭಾಗಗಳ ಎಂಆರ್‌ಐ ಸಂಕೇತ ಕುಗ್ಗಿತ್ತು. ಬರಿಯ ನೋವು ಅನುಭವಿಸಿದ ಉಳಿದಿಬ್ಬರಲ್ಲಿ ಕೆಲವು ಒಳಭಾಗಗಳ ಸಂಕೇತ ಕುಗ್ಗುವ ಬದಲು ಏರಿತ್ತು. ಅಂದರೆ ಸೂಜಿ ಒಂದೇ, ಬಿಂದು ಒಂದೇ ಆದರೂ ಆ ವ್ಯಕ್ತಿಗೆ ಏನನ್ನಿಸಿತು ಎಂಬುದನ್ನು ತಿಳಿಯದೆ ಚಿತ್ರವನ್ನು ಓದುವಂತಿಲ್ಲ. ಇದನ್ನು ಓದಿ ತಲೆಯಾಡಿಸಿದ್ದ ನಾನು ಅದರ ಪೂರ್ತಿ ಅರ್ಥವನ್ನು ಗ್ರಹಿಸಿದ್ದು ಮಾತ್ರ ತಡವಾಗಿ.

ನಾವು ಕೈಯ ಬಿಂದುವನ್ನು ಬಿಟ್ಟು, ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳಗಲ ದೂರದಲ್ಲಿ ಕಾಲಿನ ಹೊರಬದಿಗಿರುವ ಎಸ್‌ಟಿ 36 ಬಿಂದುವನ್ನು ಆರಿಸಿಕೊಂಡೆವು. ತಲೆ ಯಂತ್ರದ ಒಳಗಿದ್ದಾಗಲೂ ಆ ಜಾಗ ನನ್ನ ಕೈಗೆ ಎಟಕುತ್ತಿತ್ತು ಎಂಬುದಷ್ಟೇ ಅದಕ್ಕೆ ಕಾರಣ. ಯಂತ್ರದೊಳಗಿನ 3 ಟೆಸ್ಲಾದಷ್ಟು ಪ್ರಬಲವಾದ ಅಯಸ್ಕಾಂತದ ಬಳಿಗೆ ಸಾಮಾನ್ಯ ಉಕ್ಕಿನ ಸೂಜಿಯನ್ನು ಒಯ್ಯುವುದು ಅಪಾಯವಾದ್ದರಿಂದ ಅಯಸ್ಕಾಂತಕ್ಕೆ ಸೆಳೆಯದ ಸೂಜಿಗಳನ್ನೇ ಬಳಸಬೇಕಾಯಿತು. ಗಡಿಯಾರ, ಮೊಬೈಲ್, ಹೇರ್‌ಪಿನ್ ಎಲ್ಲವೂ ಹೊರಗೆ. ವರ್ಷಗಟ್ಟಲೆ ಬೆರಳಿಗೆ ಕಚ್ಚಿಕೊಂಡಿದ್ದ ಕಾಲುಂಗುರಗಳನ್ನು ಸೋಪು ಹಚ್ಚಿ ತೆಗೆಯುವುದಕ್ಕೇ ಒಂದು ದಿನ ಮುಕ್ಕಾಲು ಗಂಟೆ ಹಿಡಿಯಿತು.

ಎರಡು ನಿಮಿಷ ಸುಮ್ಮನಿರುವುದು, ಎರಡು ನಿಮಿಷ ಸೂಜಿಯನ್ನು ಮೆಲ್ಲಗೆ ಅತ್ತಿತ್ತ ತಿರುಗಿಸುವುದು, ಮತ್ತೆ ಸುಮ್ಮನಿರುವುದು, ಹೀಗೆ ಸರದಿ. ಯಂತ್ರದ ಬಡಿತದಲ್ಲಿ ಮಾತು ಕೇಳಿಸದ ಕಾರಣ ಗಾಜಿನಾಚೆಯ ತಂತ್ರಜ್ಞರು ಕೈ ಎತ್ತಿ ಸೂಚನೆ ಕೊಡುತ್ತಿದ್ದರು. ಇನ್ನೊಂದು ಸರದಿಯಲ್ಲಿ, ಹೋಲಿಕೆಗೆಂದು, ಅದೇ ಜಾಗವನ್ನು ಮೊಂಡು ತುದಿಯ ನೈಲಾನ್ ಎಳೆಯಿಂದ ತಟ್ಟುತ್ತಿದ್ದೆ. ಒಳಗೆ ಮಲಗಿದವರಿಗೆ ತಮ್ಮ ಕಾಲು ಕಾಣಿಸದಿರುವುದು ನಮಗೆ ದೊಡ್ಡ ಅನುಕೂಲವಾಯಿತು. ಬರಿಯ ತಟ್ಟುವಿಕೆಯನ್ನೇ “ಸೂಜಿ ಹೋಯಿತು” ಎಂದು ಒಬ್ಬರು ದೃಢವಾಗಿ ಹೇಳಿದ್ದರು. ಚಿಕಿತ್ಸಾಲಯದಲ್ಲಿ ನಿರೀಕ್ಷೆಯ ಪಾಲೆಷ್ಟು ಎಂಬುದರ ಬಗ್ಗೆ ಅಂದಿನಿಂದ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ.

ಈ ಯಂತ್ರ ನರಕೋಶಗಳ ಕೆಲಸವನ್ನು ನೇರವಾಗಿ ನೋಡುವುದಿಲ್ಲ. ಕೆಲಸ ಹೆಚ್ಚಿದ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹರಿದು ಬರುವುದರಿಂದ ಆಗುವ ಬದಲಾವಣೆಯನ್ನು ಅದು ಐದಾರು ಸೆಕೆಂಡು ತಡವಾಗಿ ತೋರಿಸುತ್ತದೆ, ಅದೂ ಶೇಕಡಾ ಒಂದೆರಡರಷ್ಟು ಮಾತ್ರ. ಪರದೆಯ ಕೆಂಪು, ನೀಲಿ ಬಣ್ಣಗಳು ಲೆಕ್ಕಾಚಾರದ ಬಳಿಕ ನಾವು ಹಚ್ಚಿದವು. ಮೊದಲ ಚಿತ್ರದಲ್ಲಿ ಮಿದುಳಿನ ಅಂಚಿನುದ್ದಕ್ಕೂ ಉರಿಯುವ ಕೆಂಪು ಬಳೆಯೊಂದನ್ನು ಕಂಡು ನಾನು ಹಿಗ್ಗಿದ್ದೆ. ಸೂಜಿ ತಿರುಗಿದಾಗಲೆಲ್ಲ ಕಾಲು ಬಿಗಿದು, ಅದರೊಡನೆ ತಲೆ ಒಂದು ಮಿಲಿಮೀಟರಿನಷ್ಟು ಸರಿದದ್ದರ ಗುರುತು ಅದೆಂದು ಸ್ನೇಹಿತರು ತಿಳಿಸಿದರು. ಆ ದತ್ತಾಂಶವನ್ನು ಕೈಬಿಟ್ಟೆವು.

ಆದರೆ ನಿಜವಾದ ತೊಡಕು ಎದುರಾದದ್ದು ಯಂತ್ರದಲ್ಲಲ್ಲ, ನನ್ನ ಪ್ರಶ್ನಾವಳಿಯಲ್ಲಿ. ಇಂಗ್ಲಿಷಿನ ಸಂವೇದನಾ ಪಟ್ಟಿಯಲ್ಲಿ ಮಂದ ನೋವಿಗೆ, ಸುಸ್ತಾದ ಸ್ನಾಯುವಿನ ನೋವಿಗೆ, ಚೂಪಾದ ನೋವಿಗೆ ಬೇರೆ ಬೇರೆ ಪದಗಳಿದ್ದವು. ನಾನು ಅವಸರದಲ್ಲಿ ಎಲ್ಲಕ್ಕೂ “ನೋವು” ಎಂದು ಬರೆದು, ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿದ್ದೆ. ಮೊದಲ ಮೂವರ ಒಳಭಾಗದ ಚಿತ್ರಗಳು ಒಂದಕ್ಕೊಂದು ಹೊಂದಲಿಲ್ಲ. ನಾಲ್ಕನೆಯವರು ಹಾಸನದ ಕಡೆಯ ಹಿರಿಯ ಮಹಿಳೆ. ಅಂಕ ಕೇಳಿದಾಗ ಅವರು, “ನೋವಲ್ಲ ಡಾಕ್ಟ್ರೇ, ಕಾಲೊಳಗೆ ಏನೋ ಬಿಗಿದು ಹಿಡಿದಂಗಾಯ್ತು, ಆಮೇಲೆ ಜೋಮು” ಎಂದರು. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಅಂದು ಸಂಜೆಯೇ ಕುಳಿತು ನನ್ನ ರೋಗಿಗಳು ಆಡುವ ಮಾತುಗಳಿಂದಲೇ ಪಟ್ಟಿಯನ್ನು ಹೊಸದಾಗಿ ಬರೆದೆ: ಭಾರ, ಜೋಮು, ಸೆಳೆತ, ಬಿಗಿತ, ಮರಗಟ್ಟುವುದು, ಇರುವೆ ಹರಿದಂತೆ, ಉರಿ, ಚುರುಕ್ಕೆನ್ನುವುದು, ಚಳುಕು. ಕೊನೆಯ ಮೂರನ್ನು ಚೂಪಾದ ನೋವಿನ ಕಡೆಗೂ ಉಳಿದವನ್ನು ಸೂಜಿಯ ವಿಶಿಷ್ಟ ಅನುಭವದ ಕಡೆಗೂ ಇರಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕ ಅಂಕ ಕೇಳತೊಡಗಿದೆವು. ಬಳಿಕ ಬಂದವರಲ್ಲಿ ಮಿದುಳಿನ ಸ್ಪರ್ಶದ ಪ್ರದೇಶ ಸೂಜಿಗೂ ನೈಲಾನ್ ಎಳೆಗೂ ಚುರುಕಾಯಿತು. ಒಳಭಾಗದ ಕುಗ್ಗುವಿಕೆ ಭಾರ, ಜೋಮು ಎಂದವರ ಕೆಲವು ಚಿತ್ರಗಳಲ್ಲಿ ಮಾತ್ರ ಕಂಡಿತು. ಇಷ್ಟು ಸಣ್ಣ ಸಂಖ್ಯೆಯಿಂದ ನಾನು ಯಾವ ತೀರ್ಮಾನಕ್ಕೂ ಬರಲಾರೆ. ದೇಹದಲ್ಲಿ ಶಕ್ತಿ ಹರಿಯುತ್ತದೆಂದು ಅಕ್ಯುಪಂಕ್ಚರ್ ಹೇಳುವ ನಾಡಿಗಳಿರುವುದು ಇದರಿಂದ ಸಾಬೀತಾಯಿತು ಎನ್ನುವ ನನ್ನ ವೃತ್ತಿಬಾಂಧವರ ಮಾತನ್ನೂ ಒಪ್ಪಲಾರೆ.

ಮೊದಲ ಮೂವರಿಗೆ ಕೆಲವು ವಾರಗಳ ಬಳಿಕ ಫೋನ್ ಮಾಡಿ, ಅಂದು ಅನ್ನಿಸಿದ್ದು ಚಳುಕೋ ಜೋಮೋ ಎಂದು ಕೇಳಿದೆ. ಯಾರಿಗೂ ನೆನಪಿರಲಿಲ್ಲ. ಅವರ ಚಿತ್ರಗಳು ಇಂದಿಗೂ ಡಿಸ್ಕಿನಲ್ಲಿವೆ. ಪಕ್ಕದ ಕಾಲಮ್ಮಿನಲ್ಲಿ ಒಬ್ಬರಿಗೆ “ನೋವು: 6”, ಇನ್ನಿಬ್ಬರಿಗೆ “ನೋವು: 4” ಎಂದಷ್ಟೇ ಇದೆ.