ಹಳೇ ಫೋಲ್ಡಿಂಗ್ ಸೈಕಲ್ ತಗೊಳ್ಳೋಕೆ ಮುಂಚೆ ಹಿಂಜ್ ನೋಡಿ

ಕಮ್ಮಿ ರೇಟಿಗೆ ಸೆಕೆಂಡ್ ಹ್ಯಾಂಡ್ ಫೋಲ್ಡಿಂಗ್ ಸೈಕಲ್ ಸಿಗ್ತಿದೆ ಅಂದ್ರೆ ಬಣ್ಣ, ಗೇರು ಎಲ್ಲ ಆಮೇಲೆ, ಮೊದಲು ಫ್ರೇಮ್ ಮಡಚೋ ಜಾಗದ ಹಿಂಜ್ ನೋಡಿ. ಬಟ್ಟೇಲಿ ಚೆನ್ನಾಗಿ ಒರೆಸಿ, ಮೊಬೈಲ್ ಟಾರ್ಚ್ ಹಾಕ್ಕೊಂಡು ವೆಲ್ಡಿಂಗ್ ಸುತ್ತ ನೋಡಿ, ಕೂದಲೆಳೆಯಷ್ಟು ಬಿರುಕು ಕಂಡ್ರೂ ಬೇಡ, ಪುಕ್ಕಟೆ ಕೊಟ್ರೂ ಬೇಡ, ಅದರಲ್ಲೂ ಅಲ್ಯೂಮಿನಿಯಂ ಫ್ರೇಮ್ ಆದ್ರೆ ರಿಪೇರಿ ಮಾಡ್ಸಿ ನಂಬೋಕಾಗಲ್ಲ. ಆಮೇಲೆ ಸೈಕಲ್ ಬಿಚ್ಚಿ ನಿಲ್ಲಿಸಿ ಹಿಂಜ್‌ನ ಲಾಕ್ ಹಾಕಿ, ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಂದು ಕೈ ಹಿಂಜ್ ಮೇಲಿರಲಿ, ಟಕ್ ಟಕ್ ಅಂತ ಕೈಗೆ ತಾಗಿದ್ರೆ ಲೂಸ್ ಇದೆ. ಲಾಕ್ ಟೈಟ್ ಮಾಡಿದ್ಮೇಲೂ ಹಂಗೇ ಅಲ್ಲಾಡಿದ್ರೆ ಹಿಂಜ್ ಸವೆದಿರೋ ಸಾಧ್ಯತೆನೇ ಜಾಸ್ತಿ, ಬಿಟ್ಬಿಡಿ. ಹ್ಯಾಂಡಲ್ ಕಂಬಕ್ಕೂ ಇದೇ ಟೆಸ್ಟ್ ಮಾಡ್ಲೇಬೇಕು, ಓಡಿಸುವಾಗ ಅದು ಮುರಿದ್ರೆ ಮುಖ ಕೆಳಗಾಗಿ ಬೀಳ್ತೀರ.

ಟೈರ್, ಚೈನ್, ಬ್ರೇಕ್ ಶೂ ಸವೆದಿದ್ರೆ ಪರವಾಗಿಲ್ಲ, ಆ ಖರ್ಚು ರೇಟಲ್ಲಿ ಕಳೆದು ಕೇಳಿ. ಆದ್ರೆ ಟೈರ್ ಮೇಲಿನ ನಂಬರ್ ಓದಿ, 20 ಇಂಚು ಅಂತಿದ್ರೂ ಅದರಲ್ಲೇ 406, 451 (ರಿಮ್‌ನ ಅಳತೆ, ಮಿಲಿಮೀಟರಲ್ಲಿ) ಅಂತ ಬೇರೆ ಬೇರೆ ರಿಮ್ ಇವೆ, ಒಂದರ ಟೈರ್ ಇನ್ನೊಂದಕ್ಕೆ ಕೂರಲ್ಲ, 451 ಹುಡುಕೋದು ಸ್ವಲ್ಪ ಕಷ್ಟ.

ಕೊನೇಗೆ ನೀವೇ ಮಡಚಿ, ಎತ್ಕೊಂಡು ಒಂದು ಮಹಡಿ ಹತ್ತಿ ನೋಡಿ. ಬಸ್ಸು ರೈಲಲ್ಲಿ ಒಯ್ಯೋದೂ ಇಲ್ಲ, ಮನೇಲಿ ಜಾಗದ ತೊಂದ್ರೇನೂ ಇಲ್ಲ ಅಂದ್ರೆ ಅದೇ ದುಡ್ಡಿಗೆ ಇನ್ನೂ ಚೆನ್ನಾಗಿರೋ ಮಾಮೂಲಿ ಸೈಕಲ್ಲೇ ಹುಡುಕಿ.