ಫಿಲ್ಟರ್ ದಾಟಿದ ಮೇಲೆ ನೀರು ಎಲ್ಲಿಗೆ ಹೋಗುತ್ತದೆ?

ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಸಂಶೋಧನೆಗೆ ಬರುವ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುವುದು ಒಂದು ಸಣ್ಣ ಲೆಕ್ಕ. ಲೀಟರಿಗೆ 4 ಮಿ.ಗ್ರಾಂ ಇರುವ ಫ್ಲೋರೈಡನ್ನು ಫಿಲ್ಟರ್ 1ಕ್ಕೆ ಇಳಿಸುತ್ತದೆ. ದಿನಕ್ಕೆ 3 ಲೀಟರ್ ಕುಡಿಯುವವರ ಮೈಗೆ 12 ಮಿ.ಗ್ರಾಂ ಬದಲು 3 ಸೇರುತ್ತದೆ. ಅದರಲ್ಲಿ ಒಂದು ಲೀಟರನ್ನು ಕೆಲಸದ ಜಾಗದಲ್ಲಿ ಶುದ್ಧೀಕರಿಸದೆ ಕುಡಿದರೆ? 6 ಮಿ.ಗ್ರಾಂ. ಫಿಲ್ಟರಿನಲ್ಲಿ ದೋಷವೇನೂ ಇಲ್ಲ, ಆದರೂ ಸೇವನೆ ದುಪ್ಪಟ್ಟು. ಅಡುಗೆಯ ನೀರು ಇನ್ನೂ ಲೆಕ್ಕಕ್ಕೇ ಬಂದಿಲ್ಲ; ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಹಾಗಾಗಿ ಸಂಶೋಧನಾ ಪ್ರಸ್ತಾವ ಬರೆಯುವ ಮೊದಲೇ ಅವರನ್ನು ಸಮಾಜಶಾಸ್ತ್ರ ಮತ್ತು ಸಾರ್ವಜನಿಕ ಆರೋಗ್ಯದವರ ಜೊತೆ ಕೂರಿಸುತ್ತೇನೆ. ಕೊನೆಯಲ್ಲಿ ಒಂದು ಸಮೀಕ್ಷೆ ಅಂಟಿಸಿ ಪ್ರಯೋಜನವಿಲ್ಲ. ಅಷ್ಟರೊಳಗೆ ಗಾತ್ರ, ವಸ್ತು, ನಿರ್ವಹಣೆ ಎಲ್ಲ ತೀರ್ಮಾನವಾಗಿ, ಜನರ ಪಾಲಿಗೆ ತಲೆಯಾಡಿಸುವುದಷ್ಟೇ ಉಳಿದಿರುತ್ತದೆ.

ಸಮಾಜಶಾಸ್ತ್ರದವರಿಂದ ಮುಖ್ಯವಾಗಿ ಕಲಿಯಬೇಕಾದದ್ದು ಪ್ರಶ್ನೆ ಕೇಳುವ ಕ್ರಮ. "ಫಿಲ್ಟರ್ ಬಳಸುತ್ತೀರಾ?" ಎಂದರೆ "ಹೌದು" ಎಂಬ ಉತ್ತರ ಸುಲಭವಾಗಿ ಬರುತ್ತದೆ, ಮನೆಗೆ ಬಂದವರ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿರುವುದಿಲ್ಲ. "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿ ನೀರು ಕುಡಿದಿರಿ?" ಎಂದು ಕೇಳಬೇಕು. ಒಪ್ಪಿಗೆ ಪಡೆದು ಫಿಲ್ಟರಿನ ನಲ್ಲಿಯಿಂದ ಒಂದು, ಕುಡಿಯುವ ಪಾತ್ರೆಯಿಂದ ಒಂದು ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತರಬೇಕು.

ಅಳತೆಯಲ್ಲೂ ಎಚ್ಚರ ಬೇಕು. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಮುಳುಗಿಸುವ ಮುನ್ನ ಮಾದರಿಗೆ ಸಮಪ್ರಮಾಣದ ಟಿಸಾಬ್ ಬಫರ್ (ಬೇರೆ ಲೋಹಗಳ ಹಿಡಿತದಿಂದ ಫ್ಲೋರೈಡನ್ನು ಬಿಡಿಸಿ ಅಳತೆಗೆ ಸಿಗುವಂತೆ ಮಾಡುವ ದ್ರಾವಣ) ಬೆರೆಸಬೇಕು. ಫ್ಲೋರೈಡ್ ಹಿಡಿಯಲು ಫಿಲ್ಟರಿನಲ್ಲಿ ತುಂಬುವ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ದಾಟಿ ಬಂದ ನೀರಿನಲ್ಲಿ ಕರಗಿರುವ ಅಲ್ಯುಮಿನಿಯಂ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬಫರ್ ಇಲ್ಲದಿದ್ದರೆ ರೀಡಿಂಗ್ ಕಡಿಮೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿಯಾದ ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನೂ ಸುರಕ್ಷಿತವೆಂದು ಹೇಳಿಬಿಡುವ ಅಪಾಯ ಇಲ್ಲಿದೆ.

ಇಷ್ಟಾದ ಮೇಲೆ ವಿದ್ಯಾರ್ಥಿಯ ಪ್ರಶ್ನೆಯೇ ಬದಲಾಗುತ್ತದೆ. ಒಂದು ಗ್ರಾಂ ಅಲ್ಯುಮಿನಾ 1 ಮಿ.ಗ್ರಾಂ ಫ್ಲೋರೈಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 3 ಕಿಲೋ ತುಂಬಿದ ಫಿಲ್ಟರಿನಿಂದ ಮನೆಯವರು ದಿನಕ್ಕೆ 20 ಲೀಟರ್ ಪಡೆದರೆ, 4ರಿಂದ 1ಕ್ಕೆ ಇಳಿಸಲು ಲೀಟರಿಗೆ 3 ಮಿ.ಗ್ರಾಂನಂತೆ ದಿನಕ್ಕೆ 60 ಮಿ.ಗ್ರಾಂ, ಹೆಚ್ಚೆಂದರೆ 50 ದಿನಕ್ಕೆ ಅದರ ಶಕ್ತಿ ಮುಗಿಯುತ್ತದೆ. ಮುಗಿದದ್ದು ನೀರಿನ ಬಣ್ಣದಿಂದಾಗಲಿ ರುಚಿಯಿಂದಾಗಲಿ ತಿಳಿಯುವುದಿಲ್ಲ. ಅಲ್ಯುಮಿನಾವನ್ನು ಮತ್ತೆ ಬಳಸುವಂತೆ ಮಾಡುವ ಪುನಶ್ಚೇತನಕ್ಕೆ ಕಾಸ್ಟಿಕ್ ಸೋಡಾ ಬೇಕು, ಆಮೇಲೆ ಆಮ್ಲದಿಂದ ತೊಳೆಯಬೇಕು. ಆ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬೀಳುತ್ತದೆ, ಅವರ ಕೈಗೆ ಗವಸು ಇದೆಯೇ, ಫ್ಲೋರೈಡ್ ತುಂಬಿದ ತೊಳೆನೀರು ಬಾವಿಯ ಪಕ್ಕವೇ ಇಂಗುತ್ತಿದೆಯೇ ಎಂಬುದನ್ನು ಪ್ರಸ್ತಾವದ ಮೊದಲ ಪುಟದಲ್ಲೇ ಬರೆಸುತ್ತೇನೆ.