ಅಮ್ಮ ಪೆರ್ಲದಲ್ಲಿ, ಡಾಕ್ಟರು ಮಂಗಳೂರಿನಲ್ಲಿ: ಮನೆಯಿಂದಲೇ ನಿಗಾ ಇಡುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಪೈವಳಿಕೆ, ಬದಿಯಡ್ಕದ ಕಡೆ ಯಾರ ಮನೆಗೆ ಹೋದರೂ ಟಿ.ವಿ. ಪಕ್ಕ ಒಂದು ಪ್ಲಾಸ್ಟಿಕ್ ತೊಟ್ಟೆ ಇರುತ್ತದೆ. ಅದರೊಳಗೆ ಮಾತ್ರೆ, ಮಂಗಳೂರಿನ ಡಾಕ್ಟರ ಚೀಟಿ, ರಕ್ತ ಪರೀಕ್ಷೆಯ ಕಾಗದ. ಮೂರು ತಿಂಗಳಿಗೊಮ್ಮೆ ಅದನ್ನು ಹಿಡಿದುಕೊಂಡು ಗಡಿ ದಾಟುತ್ತೇವೆ. ಅವತ್ತಿನ ಬಿಪಿ, ಅವತ್ತಿನ ಶುಗರ್ ಡಾಕ್ಟರಿಗೆ ಗೊತ್ತಾಗುತ್ತದೆ. ನಡುವಿನ ಮೂರು ತಿಂಗಳದ್ದು ಯಾರಿಗೂ ಗೊತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಗಡಿಯಲ್ಲಿರುವ ತಲಪಾಡಿಯ ದಾರಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ನಮ್ಮ ಕಡೆಯವರು ಮರೆತಿಲ್ಲ. ದೂರದಿಂದಲೇ ಡಾಕ್ಟರ ಕಣ್ಣು ನಮ್ಮ ಮೇಲಿರುವ ಹಾಗೆ ಮಾಡಿಕೊಳ್ಳುವುದು ಅಷ್ಟು ಕಷ್ಟದ ಕೆಲಸವಲ್ಲ.

ಯಂತ್ರ ಕೊಳ್ಳುವ ಮೊದಲು ಡಾಕ್ಟರ ಹತ್ತಿರ ನಾಲ್ಕು ಮಾತು ಕೇಳಿ. ಏನನ್ನು ಅಳೆಯಬೇಕು? ವಾರಕ್ಕೆ ಎಷ್ಟು ಸಲ? ಯಾವ ಅಂಕಿ ಬಂದರೆ ಫೋನ್ ಮಾಡಬೇಕು? ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ? ಉತ್ತರವನ್ನು ದಪ್ಪ ಅಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. ಇದನ್ನು ಮಾಡದೆ ಸುಮ್ನೆ ಅಳೆಯುತ್ತಾ ಹೋದರೆ ಪುಸ್ತಕ ತುಂಬುತ್ತದೆ, ಮದ್ದು ಮಾತ್ರ ಹಳೆಯದೇ ಇರುತ್ತದೆ.

ಬಿಪಿ ಯಂತ್ರ ತೋಳಿಗೆ ಕಟ್ಟುವಂಥದ್ದೇ ಇರಲಿ, ಮಣಿಕಟ್ಟಿನದ್ದು ಬೇಡ. ಪಟ್ಟಿಯ ಅಳತೆ ನೋಡಿ ತೆಗೆದುಕೊಳ್ಳಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಜಾಸ್ತಿ ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಕಾಲು ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂತುಕೊಳ್ಳಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಿರಿ. ಡಾಕ್ಟರ ಭೇಟಿಗೆ ಮೊದಲಿನ ಏಳು ದಿನ ಬೆಳಗ್ಗೆ, ಸಂಜೆ ಹೀಗೆ ಬರೆದಿಟ್ಟರೆ ಅವರಿಗೆ ಬೇಕಾದದ್ದು ಸಿಗುತ್ತದೆ. ಮನೆಯ ಅಳತೆಯ ಸರಾಸರಿ 135/85 ದಾಟುತ್ತಿದ್ದರೆ ಅವರಿಗೆ ತಿಳಿಸಲೇಬೇಕು. ಒಂದು ದಿನ ಜಾಸ್ತಿ ಬಂತು ಎಂದು ನೀವೇ ಮಾತ್ರೆ ಹೆಚ್ಚಿಸಬೇಡಿ.

ಶುಗರ್ ವಿಷಯದಲ್ಲಿ ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಮೇ ತಿಂಗಳು. ಅಮ್ಮ ಹಲಸಿನ ಸೊಳೆ ಬಿಡಿಸುತ್ತಾ ಕೂತಿದ್ದರು. ಕೈಯನ್ನು ಸೆರಗಿಗೆ ಒರೆಸಿ ಬೆರಳು ಚುಚ್ಚಿದರು. ಯಂತ್ರ 312 ತೋರಿಸಿತು. ತಮ್ಮ ಜೀಪು ಹೊರಡಿಸಿಯೇ ಬಿಟ್ಟ. ಕೈಯನ್ನು ಸೋಪು ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ, ಬೇರೆ ಬೆರಳಿನಲ್ಲಿ ನೋಡಿದರೆ 146! ಹಲಸಿನ ಸಿಹಿ ಬೆರಳ ತುದಿಯಲ್ಲೇ ಇತ್ತು. ಮಾವು, ಬಾಳೆಹಣ್ಣು ಮುಟ್ಟಿದ ಕೈಯಲ್ಲೂ ಹೀಗೇ ಆಗುತ್ತದೆ. ಹಾಗಾಗಿ ಸೋಪು ನೀರಿನಲ್ಲಿ ತೊಳೆದ ಮೇಲೆಯೇ ಚುಚ್ಚಿ. ಬೆರಳಿನ ನಡುವಿಗಿಂತ ಬದಿಯಲ್ಲಿ ನೋವು ಕಡಿಮೆ. ಇನ್ನೊಂದು, ನಮ್ಮ ಮಳೆಗಾಲದ ತೇವಕ್ಕೆ ರಕ್ತದ ಹನಿ ಹಾಕುವ ಸ್ಟ್ರಿಪ್ ಬೇಗ ಹಾಳಾಗುತ್ತದೆ. ಒಂದು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ. ಫ್ರಿಜ್‌ನಲ್ಲಿ ಇಡಬೇಡಿ.

ಲ್ಯಾಬಿನ ಅಂಕಿಗೂ ಮನೆಯದಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಗಾಬರಿ ಬೇಡ. ಆದರೆ 70ಕ್ಕಿಂತ ಕೆಳಗೆ ಬಂದರೆ ತಡ ಮಾಡಬೇಡಿ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಹೃದಯ ಸೋತವರಿಗೆ (ಹಾರ್ಟ್ ಫೇಲ್ಯೂರ್ ಇರುವವರಿಗೆ) ಬೇಕಾದ ಯಂತ್ರ ತೂಕದ್ದು. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಅದೇ ಯಂತ್ರದ ಮೇಲೆ ನಿಲ್ಲಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಉಸಿರು ಕಟ್ಟುವವರೆಗೆ ಕಾಯದೆ ಅವತ್ತೇ ಫೋನ್ ಮಾಡಿ. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರವಿದ್ದರೆ ಮದರಂಗಿ, ನೈಲ್ ಪಾಲಿಶ್ ಇಲ್ಲದ ಬೆಚ್ಚನೆಯ ಬೆರಳು ಆರಿಸಿ.

ಇನ್ನು ಕಳಿಸುವುದು. ಅಂಕಿ, ದಿನ, ಹೊತ್ತು ಮೂರನ್ನೂ ಬರೆಯಿರಿ. 1, 2, 3 ಎಂಬ ಇಂಗ್ಲಿಷ್ ಅಂಕಿಯಲ್ಲೇ ಬರೆದರೆ ಮಂಗಳೂರಿನ ಡಾಕ್ಟರೂ ಓದುತ್ತಾರೆ, ಮನೆಗೆ ಬರುವ ಮಲಯಾಳದ ನರ್ಸೂ ಓದುತ್ತಾರೆ. ವಾರಕ್ಕೊಮ್ಮೆ ಆ ಪುಟದ ಫೋಟೋ ತೆಗೆದು ಡಾಕ್ಟರು ಹೇಳಿದ ನಂಬರಿಗೆ ವಾಟ್ಸಾಪ್ ಮಾಡಿ. ಕುಟುಂಬದ ಗ್ರೂಪಿಗೆ ಹಾಕುವುದು ಬೇಡ, ಅಮ್ಮನ ಶುಗರ್ ಊರಿಗೆಲ್ಲ ಯಾಕೆ ಗೊತ್ತಾಗಬೇಕು, ಅಲ್ವಾ? ತೋಟದ ತಗ್ಗಿನಲ್ಲಿರುವ ಮನೆಗಳಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಲು ಕೊಡಲು ಗುಡ್ಡೆ ಹತ್ತುವ ಹುಡುಗನ ಕೈಯಲ್ಲಿ ಫೋನ್ ಕೊಟ್ಟರೂ ಆಯಿತು. ಕಳಿಸಿದ್ದಕ್ಕೆ ಉತ್ತರ ಬರದಿದ್ದರೆ ಸುಮ್ಮನಿರಬೇಡಿ, ಕರೆ ಮಾಡಿ ಕೇಳಿ. ಡಾಕ್ಟರು ಸಿಗಲೇ ಇಲ್ಲವಾದರೆ ಕೇಂದ್ರ ಸರ್ಕಾರದ ಇ-ಸಂಜೀವನಿ ಎಂಬ ಆನ್‌ಲೈನ್ ಸೇವೆಯಲ್ಲಿ ದುಡ್ಡಿಲ್ಲದೆ ವೈದ್ಯರನ್ನು ಕಾಣಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರು 1056, ಕೂಡ ಇದೆ.

ಎದೆ ನೋವು, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಯಂತ್ರ ಹುಡುಕುತ್ತಾ ಕೂರಬೇಡಿ. ನೇರ 108ಕ್ಕೆ ಕರೆ ಮಾಡಿ. ಗಾಬರಿಯಲ್ಲಿ ದಾರಿ ಹೇಳಲು ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಕಪಾಟಿಗೆ ಅಂಟಿಸಿದ ಕಾಗದದ ಕೆಳಗೆ ಮನೆಯ ದಾರಿಯನ್ನೂ ಬರೆದಿಡಿ. ಯಾವ ಬಸ್ ಸ್ಟಾಪ್, ಯಾವ ಭಜನಾ ಮಂದಿರದ ಹತ್ತಿರ ತಿರುಗಬೇಕು, ಆಂಬುಲೆನ್ಸ್ ಅಂಗಳಕ್ಕೆ ಬರುತ್ತದೋ ಇಲ್ಲಾ ಸಂಕದ ಆಚೆಯೇ ನಿಲ್ಲಬೇಕೋ. ಮಲಯಾಳ ಬಲ್ಲ ನೆರೆಯವರಿಂದ ಅದೇ ದಾರಿಯನ್ನು ಮಲಯಾಳದಲ್ಲೂ ಹೇಳಿಸಿ, ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಫೋನಿನ ಆ ಕಡೆಯವರಿಗೆ ಅದನ್ನೇ ಓದಿ ಹೇಳಿದರಾಯಿತು.